ಮುಖ ಮತ್ತು ಮುಖಾಂಗ್

ನನಗೆ ಬಾಯಿ ಜೋರು, ಕಿವಿ ಚುರುಕು, ಕೋಪ ಮೂಗಿನ ತುದಿಯಲ್ಲಿ. ಈ ಮೂರು ಗುಣಗಳನ್ನು ಕಟ್ಟಿಕೊಂಡು ಬರ್ ದುಬೈಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ ರಿಸೆಪ್ಷನ್ನಿನಲ್ಲಿ ಕುಳಿತಿದ್ದೆ. ಅದರಲ್ಲಿ ಒಂಬತ್ತು ವರ್ಷ ನನ್ನ ಜೊತೆಗಿದ್ದವಳು ಫಿಲಿಪ್ಪೀನ್ಸಿನ ಒಬ್ಬ ನರ್ಸು. ಡಾಕ್ಟರ ಪಕ್ಕ ನಿಂತು, ಅವರು ಕೇಳುವ ಮೊದಲೇ ಸಲಕರಣೆ ಕೈಗಿಡುವವಳು. ಅಂಥ ಗೆಳತಿ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅವಳನ್ನು ನಾನು ಒಂದು ಶಬ್ದದ ದೆಸೆಯಿಂದ ಕಳೆದುಕೊಂಡೆ. ಬೈಗುಳ ಅಲ್ಲ, ಚಾಡಿಯೂ ಅಲ್ಲ. ನಾವು ದಿನಕ್ಕೆ ಹತ್ತು ಸಲ ಆಡುವ ಶಬ್ದ. ಅವಳು ಅದನ್ನು ಆಡಿದ್ದು ತನ್ನ ಭಾಷೆಯಲ್ಲಿ, ನಾನು ಕೇಳಿಸಿಕೊಂಡದ್ದು ನನ್ನ ಭಾಷೆಯಲ್ಲಿ.

ನಮ್ಮ ಪರಿಚಯ ಶುರುವಾದದ್ದೇ ಜಗಳದಿಂದ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಒಳಗಿನಿಂದ ತಲೆ ಹಾಕಿ, "ಆತೆ, ಮುಂದಿನ ಪೇಷಂಟನ್ನು ಕಳಿಸು" ಅಂದಳು. ನನಗೆ ಅದು 'ಅತ್ತೆ' ಅಂತಲೇ ಕೇಳಿತು. ನನಗಾಗ ಮೂವತ್ತಾರು, ಅವಳಿಗೆ ಮೂವತ್ತು ಇರಬಹುದು. ಆರು ವರ್ಷ ದೊಡ್ಡವಳಾದ ತಪ್ಪಿಗೆ ಅತ್ತೆ ಅನ್ನಿಸಿಕೊಳ್ಳಬೇಕೇ? ಮೂರು ದಿನ ಹಲ್ಲು ಕಚ್ಚಿ ಸುಮ್ಮನಿದ್ದೆ. ನಾಲ್ಕನೆಯ ದಿನ ಪ್ಯಾಂಟ್ರಿಯಲ್ಲಿ ಹಿಡಿದು ಕೇಳಿದೆ.

"ನಾನು ನಿನಗೆ ಯಾವ ಕಡೆಯಿಂದ ಅತ್ತೆ ಆಗ್ಬೇಕು? ನಿನ್ನ ಗಂಡನನ್ನು ನಾನು ಹೆತ್ತಿದ್ದೇನಾ?"

ಅವಳು ಚಹಾದ ಲೋಟ ಹಿಡಿದು ಕಣ್ಣು ಬಿಟ್ಟಳು. ಆಮೇಲೆ ವಿಷಯ ತಿಳಿದು, ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆತೆ ಅಂದರೆ ಅವರಲ್ಲಿ ಅಕ್ಕ. ಅದೂ ಅವರ ಸ್ವಂತ ಶಬ್ದ ಅಲ್ಲವಂತೆ, ಯಾವ ಕಾಲದಲ್ಲೋ ಚೀನಾದ ವ್ಯಾಪಾರಿಗಳು ತಂದದ್ದು ಅಂತ ಅವಳ ತಂದೆ ಹೇಳುತ್ತಿದ್ದರಂತೆ. ನಾನೂ ನಕ್ಕೆ. ಆವತ್ತಿನಿಂದ ನಾನು ಅವಳಿಗೆ ಆತೆ, ಅವಳು ನನಗೆ ಮಾರಾಯ್ತಿ.

ನಮ್ಮಿಬ್ಬರ ಮಾತು ಮುರುಕು ಇಂಗ್ಲಿಷು, ಅದಕ್ಕೆ ಒಂದು ಹಿಡಿ ಹಿಂದಿ, ಒಂದು ಚಿಟಿಕೆ ಅರಬ್ಬಿ. ಇಲ್ಲಿ ನನಗೆ ಬರುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ಲಿನಿಕ್ಕು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚುತ್ತಿತ್ತು. ಬ್ರೇಕ್ ಡ್ಯೂಟಿ ಅಂತಾರೆ ಇಲ್ಲಿ. ಮನೆ ಹತ್ತಿರ ಇದ್ದವರಿಗೆ ನಿದ್ದೆ, ದೂರ ಇದ್ದವರಿಗೆ ಕಾಯುವ ಶಿಕ್ಷೆ. ನಮ್ಮಿಬ್ಬರ ಮನೆಯೂ ದೂರ. ಬುತ್ತಿ ಬಿಚ್ಚಿ ಉಂಡು, ಬಿಸಿಲು ಕಡಿಮೆಯಿದ್ದ ತಿಂಗಳುಗಳಲ್ಲಿ ಬಟ್ಟೆ ಅಂಗಡಿಗಳ ಸಾಲು ದಾಟಿ ಕ್ರೀಕಿನ ದಂಡೆಗೆ ಹೋಗಿ, ಅಬ್ರಾ ದೋಣಿಗಳು ಜನರನ್ನು ತುಂಬಿಕೊಂಡು ಹೋಗುವುದನ್ನು ನೋಡುತ್ತಾ ಕೂರುತ್ತಿದ್ದೆವು.

ಆ ಮೂರು ಗಂಟೆಗಳಲ್ಲಿ ನಮಗೊಂದು ಆಟ ಹುಟ್ಟಿಕೊಂಡಿತು. ಇಬ್ಬರ ಭಾಷೆಯಲ್ಲೂ ಇರುವ ಶಬ್ದ ಹುಡುಕುವುದು. ನಾವು ಸಾಬೂನು ಅಂದರೆ ಅವರು ಸಬೋನ್. ನಮ್ಮ ಮೇಜು ಅವರಲ್ಲಿ ಮೇಸಾ. ಅವರ ಮೇಲೆ ಸ್ಪೇನಿನವರು ಕುಳಿತಿದ್ದರು, ನಮ್ಮ ಕರಾವಳಿಗೆ ಪೋರ್ಚುಗೀಸರು ಬಂದಿದ್ದರು. ಅಕ್ಕಪಕ್ಕದ ಊರಿನ ಇಬ್ಬರು ದೊಣ್ಣೆನಾಯಕರು ಎರಡು ಕಡೆ ಒಂದೇ ಸಾಮಾನು ಇಳಿಸಿ ಹೋಗಿದ್ದರು. ಮೇಷ್ಟ್ರಿಗೆ ಅವರು ಗುರೋ ಅನ್ನುತ್ತಾರೆ. ಆಸೆ ಇಟ್ಟುಕೊಳ್ಳುವುದಕ್ಕೆ ಆಸಾ. ಇನ್ನು 'ಹಿಂದಿ' ಅಂದರೆ ಅವರಲ್ಲಿ 'ಇಲ್ಲ' ಅಂತ. ಇದನ್ನು ಕೇಳಿದ ದಿನ ನಾನು ಮನೆಗೆ ಹೋಗಿ ಗಂಡನಿಗೆ ಹೇಳಿದಾಗ, "ಹೌದಾ? ಒಳ್ಳೆ ಭಾಷೆ ಮಾರಾಯ್ತಿ ಅದು" ಅಂತ ಅವರು ಬಹಳ ಸಂತೋಷಪಟ್ಟರು.

ಕ್ರೀಕಿನ ಹತ್ತಿರದ ಹಿಂದೂ ದೇವಸ್ಥಾನದ ಓಣಿಯಲ್ಲಿ ನಾನು ಒಮ್ಮೆ ಮಲ್ಲಿಗೆ ಕೊಂಡೆ. ಅವಳು ಮೂಸಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇದು ನಮ್ಮ ಸಂಪಗೀತಾ" ಅಂದಳು. "ಮಾರಾಯ್ತಿ, ಇದು ಮಲ್ಲಿಗೆ. ಸಂಪಿಗೆ ಬೇರೆ, ಹಳದಿ ಇರ್ತದೆ" ಅಂತ ನಾನು ತಿದ್ದಿದೆ. ಅವಳು ಒಪ್ಪಲಿಲ್ಲ. ನಮ್ಮ ಕಡೆಯಿಂದ ಹೊರಟ ಹೆಸರು ಹಡಗಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಬೇರೆ ಹೂವಿಗೆ ಅಂಟಿಕೊಂಡಿತ್ತು. ಶಬ್ದ ಒಂದೇ ಇದ್ದರೂ ಅರ್ಥ ಒಂದೇ ಇರಬೇಕಾಗಿಲ್ಲ ಅಂತ ನನಗೆ ಆ ದಿನವೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

'ಮುಖ' ಸಿಕ್ಕಿದ್ದು ಮಾತ್ರ ಹಬ್ಬವೇ ಆಯಿತು. ಅವಳ ಊರಿನ ಕಡೆಯ ಡ್ರೈವರೊಬ್ಬ ಕೆನ್ನೆ ಊದಿಸಿಕೊಂಡು ಬಂದ. ಅವಳು ಅವನನ್ನು ನೋಡಿ ಏನೋ ಹೇಳಿದಳು, ಅದರಲ್ಲಿ 'ಮುಖಾ' ಅಂತ ಬಂತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಏನಂದೆ? ಮುಖ? ಅದು ನಮ್ಮ ಶಬ್ದ." ಅವಳು, "ನಮ್ಮದು" ಅಂದಳು. ಪಾಪದ ಡ್ರೈವರು ಕೆನ್ನೆ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದ. ಅವತ್ತು ಮಧ್ಯಾಹ್ನ ಕ್ರೀಕಿನ ದಂಡೆಯಲ್ಲಿ ಕೂತು ನಾನು ಅವಳಿಗೆ ಮುಖದ ಪುರಾಣ ಹೇಳಿದೆ. ಮುಖ ಊದಿಸಿಕೊಳ್ಳುವುದು, ಮುಖ ಮುರಿದ ಹಾಗೆ ಮಾತಾಡುವುದು, ಮುಖ ನೋಡಿ ಮಣೆ ಹಾಕುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. 'ಮುಖಕ್ಕೆ ಮಂಗಳಾರತಿ' ಅವಳಿಗೆ ಬಹಳ ಹಿಡಿಸಿತು. ಡಾಕ್ಟರು ಯಾರನ್ನಾದರೂ ಬೈದರೆ ಹೊರಗೆ ಬಂದು ನನ್ನ ಕಿವಿಯಲ್ಲಿ, "ಆತೆ, ಇವತ್ತು ಮಂಗಳಾರತಿ" ಅನ್ನುತ್ತಿದ್ದಳು.

ನನಗಂತೂ ಅವಳ ಭಾಷೆ ಬಂದೇ ಬಿಟ್ಟಿತು ಅನ್ನುವ ಜಂಬ. ತುಂಬಿದ ಕೊಡ ತುಳುಕುವುದಿಲ್ಲ; ನನ್ನ ಕೊಡದಲ್ಲಿದ್ದದ್ದು ಒಂದು ಚೊಂಬು ನೀರು, ಅದರ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಇಬ್ಬರು ಫಿಲಿಪ್ಪೀನ್ಸಿನವರು ಲಿಫ್ಟಿನಲ್ಲಿ ಮಾತಾಡಿದರೆ ನಾನು ಕಿವಿ ನೆಟ್ಟಗೆ ಮಾಡುತ್ತಿದ್ದೆ. ಎಲ್ಲರೂ ಎರಡು ಮಾತಿಗೊಮ್ಮೆ ಮುಖ, ಮುಖ ಅನ್ನುತ್ತಿದ್ದರು. ಇವರಿಗೇನು, ಯಾವಾಗಲೂ ಕಂಡವರ ಮುಖದ್ದೇ ಸುದ್ದಿಯೇ ಅಂತ ನನಗೆ ಒಳಗೊಳಗೆ ನಗು.

ಒಂಬತ್ತನೆಯ ವರ್ಷ ಅವಳು ಊರಿಗೆ ಹೋಗುವ ತೀರ್ಮಾನ ಮಾಡಿದಳು. ರಜೆಗಲ್ಲ, ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಹೋಗುವುದು. ಮಗಳು ಕಾಲೇಜಿಗೆ ಸೇರುವವಳಿದ್ದಳು. ಸಣ್ಣವಳಿರುವಾಗ ಬಿಟ್ಟು ಬಂದದ್ದು. ಇನ್ನು ಸಾಕು, ಖಲಾಸ್ ಅಂದಳು. ಅವಳಿಗೆ ಎರಡು ತಿಂಗಳ ನೋಟಿಸು. ಸ್ಟೋರ್ ರೂಮಿನ ಮೂಲೆಯಲ್ಲಿ ಅವರ ದೇಶದವರೆಲ್ಲ ಊರಿಗೆ ಕಳಿಸುವಂಥ ದೊಡ್ಡ ಕಾರ್ಟನ್ ಬಾಕ್ಸ್ ತಂದಿಟ್ಟಳು. ದಿನಾ ಒಂದೊಂದು ಟವೆಲು, ಒಂದು ಡಬ್ಬಿ ಚಾಕೊಲೇಟು, ನಾಲ್ಕು ಸಾಬೂನು ಅದರೊಳಗೆ ಹೋಗುತ್ತಿದ್ದವು. ನಾನೂ ಒಂದು ಮೈಸೂರಿನ ಗಂಧದ ಸಾಬೂನು ಹಾಕಿದೆ. ಏರ್‌ಪೋರ್ಟಿಗೆ ನಾನೇ ಬಂದು ಬಿಡುತ್ತೇನೆ, ಬೇರೆ ಯಾರೂ ಬೇಡ ಅಂತ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಹಾಗೆ ನಗುನಗುತ್ತಾ ಮಾತು ಕೊಟ್ಟವಳು ಮನೆಗೆ ಹೋಗಿ ಕಾರಣವಿಲ್ಲದೆ ಗಂಡನ ಮೇಲೆ ರೇಗಿದ್ದೂ ನೆನಪಿದೆ.

ಇದಾಗಿ ಮೂರು ವಾರಕ್ಕೆ ನನ್ನ ಮುಖ ಹೋಯಿತು. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿಯೇ ಸೋರಿತು. ಕನ್ನಡಿ ನೋಡಿದರೆ ಅರ್ಧ ಮುಖ ನನ್ನದು, ಇನ್ನರ್ಧ ಜಾರಿಬಿದ್ದದ್ದು. ಎಡಗಣ್ಣು ಮುಚ್ಚುತ್ತಿಲ್ಲ. ಗಂಡ ಜೆಬೆಲ್ ಅಲಿಯ ಗೋಡೌನಿಗೆ ಹೊರಟವರು ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿ ಬಂದರು. ಮುಖದ ನರಕ್ಕೆ ಬಾವು ಬಂದಿದೆ, ಹೆದರಬೇಡಿ, ಎರಡು ಮೂರು ತಿಂಗಳಲ್ಲಿ ಸರಿಯಾಗುತ್ತದೆ ಅಂದರು ಆಸ್ಪತ್ರೆಯವರು. ಎರಡು ಮೂರು ತಿಂಗಳು ಅಂತ ಹೇಳುವುದು ಸುಲಭ. ಸೊಟ್ಟ ಮುಖ ಹೊತ್ತು ತಿರುಗುವವಳಿಗೆ ಒಂದೊಂದು ದಿನವೂ ಒಂದು ವರ್ಷ.

ಕ್ಲಿನಿಕ್ಕಿನವರು ಒಳ್ಳೆಯವರೇ. ನಿಮ್ಮ ಅನುಕೂಲಕ್ಕೆ ಅಂತ ಹೇಳಿ ನನ್ನನ್ನು ರಿಸೆಪ್ಷನ್ನಿನಿಂದ ಎಬ್ಬಿಸಿ ಹಿಂದಿನ ಫೈಲು ಕೋಣೆಯಲ್ಲಿ ಕೂರಿಸಿದರು. ಯಾರ ಅನುಕೂಲ ಅಂತ ನನಗೆ ಗೊತ್ತಿಲ್ಲವೇ? ಸೊಟ್ಟ ಮುಖದವಳು ಬಾಗಿಲಲ್ಲೇ ಕೂತರೆ ಹಲ್ಲು ಸರಿಮಾಡಿಸಿಕೊಳ್ಳಲು ಬಂದವನು ಹಾಗೇ ತಿರುಗಿ ಹೋಗುತ್ತಾನೆ. ಮಾಸ್ಕು ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಫೈಲು ಜೋಡಿಸುತ್ತಿದ್ದೆ. ಊಟ ಮಾಡಿದರೆ ಅನ್ನ ಎಡಗೆನ್ನೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ತುಟಿಯ ಸಂದಿಯಿಂದ ಬೀಳುತ್ತಿತ್ತು. ಯಾರ ಎದುರಿಗೂ ಉಣ್ಣುವುದು ಬಿಟ್ಟೆ. ನಿಜ ಹೇಳಬೇಕೆಂದರೆ ಕ್ಲಿನಿಕ್ಕಿನಲ್ಲಿ ಉಣ್ಣುವುದನ್ನೇ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಅಂತ ಹೇಳಿ ಬುತ್ತಿಯನ್ನು ಹಾಗೇ ಮನೆಗೆ ಕೊಂಡೊಯ್ಯುತ್ತಿದ್ದೆ.

ಫೈಲು ಕೋಣೆಗೂ ಪ್ಯಾಂಟ್ರಿಗೂ ನಡುವೆ ತೆಳ್ಳಗಿನ ಪಾರ್ಟಿಷನ್ನು. ಒಂದು ಮಧ್ಯಾಹ್ನ ಆಚೆ ಕಡೆ ಅವಳೂ, ಅವಳ ದೇಶದವಳೇ ಆದ ಇನ್ನೊಬ್ಬ ನರ್ಸೂ ಮಾತಾಡುತ್ತಿದ್ದರು. ಅವರ ಮಾತಿನಲ್ಲಿ ಒಂದು ಸಲ 'ಮುಖಾಂಗ್' ಅಂತ ಬಂತು. ನನ್ನ ಕೈ ಫೈಲಿನ ಮೇಲೆಯೇ ನಿಂತಿತು. ಇನ್ನೊಂದು ಸಲ ಬಂತು. ಮುಖಾಂಗ. ಮುಖವೂ ನಮ್ಮದು, ಅಂಗವೂ ನಮ್ಮದು; ನನಗಿನ್ನೇನು ಬೇಕು? ಮೂರನೆಯ ಸಲ ನನ್ನ ಗೆಳತಿಯ ದನಿಯಲ್ಲಿ ಇಡೀ ವಾಕ್ಯವೇ ಕಿವಿಗೆ ಬಿತ್ತು. "ಮುಖಾಂಗ್ ಹಿಂದಿ ಪಾ ಕುಮಾಕಾಇನ್ ಸಿ ಆತೆ."

ಮುಖ ನನಗೆ ಗೊತ್ತಿತ್ತು. ಹಿಂದಿ ಅಂದರೆ ಇಲ್ಲ, ಅದೂ ಗೊತ್ತಿತ್ತು. ಆತೆ ನಾನು. ಮೂರನ್ನೂ ಕೂಡಿಸಿದೆ. ಅಕ್ಕನಿಗೆ ಮುಖವೇ ಇಲ್ಲ. ನಡುವಿನ ಗೊತ್ತಿಲ್ಲದ ಶಬ್ದವನ್ನು ಬೈಗುಳ ಅಂತ ತೀರ್ಮಾನಿಸಿದೆ. ಅದೇ ಹೊತ್ತಿಗೆ ಆಚೆ ಕಡೆ ಇಬ್ಬರೂ ನಕ್ಕರು. ಫೋನಿನಲ್ಲಿ ಏನೋ ನೋಡಿ ನಕ್ಕಿರಬೇಕು ಅಂತ ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಲಿಲ್ಲ. ಕೆನ್ನೆಗೆ ಹೊಡೆದಂತಾಯಿತು, ಅದೂ ನೋವು ಗೊತ್ತಾಗದ ಕೆನ್ನೆಗೆ.

ಹೋಗಿ ಕೇಳಬಹುದಿತ್ತು. ಅತ್ತೆ ಅಂದಾಗ ಕೇಳಿರಲಿಲ್ಲವೇ? ಆಗ ನನ್ನ ಮುಖ ನೆಟ್ಟಗಿತ್ತು. ಈಗ ಬಾಯಿ ತೆರೆದರೆ ಮಾತು ಸೊಟ್ಟವಾಗಿ, ಗಾಳಿ ಸೋರಿಕೊಂಡು ಬರುತ್ತಿತ್ತು. ಆ ಬಾಯಲ್ಲಿ ಜಗಳವಾಡಲು ನಾಚಿಕೆಯಾಯಿತು. ಮಾತು ಬಿಟ್ಟೆ. ಬಾಯಿ ಜೋರಿದ್ದವಳು ಬಾಯಿ ಮುಚ್ಚಿದರೆ ಅದರಷ್ಟು ಕೆಟ್ಟ ಜಗಳ ಇನ್ನೊಂದಿಲ್ಲ.

ಮರುದಿನದಿಂದ ಅವಳು ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇಡಲು ಶುರುಮಾಡಿದಳು. ತೆರೆದರೆ ಗಂಜಿ. ನಮ್ಮ ಹಾಗೆ ಕುಚಲಕ್ಕಿಯದ್ದಲ್ಲ, ಬಿಳಿ ಅಕ್ಕಿಯನ್ನು ಶುಂಠಿ ಹಾಕಿ ಕರಗುವಷ್ಟು ಬೇಯಿಸಿದ್ದು. ಸೊಟ್ಟ ಬಾಯಿಯವಳಿಗೆ ಗಂಜಿಯೇ ಗತಿ ಅಂತ ಹಂಗಿಸುತ್ತಿದ್ದಾಳೆ ಅಂದುಕೊಂಡೆ. ಮುಟ್ಟಲಿಲ್ಲ. ಸಂಜೆ ಕ್ಲೀನಿಂಗಿಗೆ ಬರುವ ಹೆಂಗಸಿಗೆ ಡಬ್ಬಿಯನ್ನು ಹಾಗೇ ಕೊಟ್ಟೆ. ಒಂದು ವಾರ ಡಬ್ಬಿ ಬಂತು, ಆಮೇಲೆ ನಿಂತಿತು.

"ಆತೆ, ನಿನಗೆ ನನ್ನ ಮೇಲೆ ಕೋಪವಾ?" ಅಂತ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದಳು.

"ಮಾಫಿ" ಅಂದೆ. ಇಲ್ಲಿನ ಅರಬ್ಬಿಯಲ್ಲಿ ಏನೂ ಇಲ್ಲ ಅಂತ. ಗೋಡೆಯಿಂದ ಮುಖ ತಿರುಗಿಸಲಿಲ್ಲ. ಅವಳು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

ಹೊರಡುವ ದಿನ ಬಂತು. ಮಧ್ಯಾಹ್ನದ ವಿಮಾನ. ನಾನು ಹತ್ತು ಗಂಟೆಗೆ ಅವಳ ಬಿಲ್ಡಿಂಗಿನ ಕೆಳಗೆ ಇರಬೇಕು ಅಂತ ಹಿಂದೆಯೇ ಮಾತಾಗಿತ್ತು. ರಜೆ ಹಾಕಿ ಮನೆಯಲ್ಲಿ ಕೂತಿದ್ದೆ. ಹತ್ತಕ್ಕೆ ಫೋನು ಬಂತು, ಎತ್ತಲಿಲ್ಲ. ಹತ್ತೂವರೆಗೆ ಬಂತು. ಫೋನನ್ನು ಆಫ್ ಮಾಡಿ, ಅಗತ್ಯವೇ ಇಲ್ಲದ ಬೆಡ್‌ಶೀಟುಗಳನ್ನು ತೆಗೆದು ಒಗೆಯಲು ಹಾಕಿದೆ. ಸಂಜೆ ಗಂಡ ಬಂದು, "ಬಿಟ್ಟು ಬಂದ್ಯಾ?" ಅಂತ ಕೇಳಿದರು. ಇಲ್ಲ ಅಂದೆ. ಅವರು ನನ್ನನ್ನೇ ನೋಡಿ, "ತಪ್ಪು ಮಾಡಿದ್ದಿ ನೀನು" ಅಂದರು. ಅವರಿಗೂ ಎರಡು ದಿನ ಮಾತು ಬಿಟ್ಟೆ.

ಎರಡು ತಿಂಗಳಿಗೆ ಮುಖ ನೆಟ್ಟಗಾಯಿತು. ಮತ್ತೆ ರಿಸೆಪ್ಷನ್ನಿಗೆ ಬಂದು ಕೂತೆ. ಪಕ್ಕದಲ್ಲಿ ತಲೆ ಹಾಕಿ ಆತೆ ಅನ್ನುವವರು ಇರಲಿಲ್ಲ. ಮಧ್ಯಾಹ್ನದ ಮೂರು ಗಂಟೆ ಮೂವತ್ತು ಗಂಟೆಯಾಯಿತು. ಕ್ರೀಕಿನ ಕಡೆಗೆ ಒಬ್ಬಳೇ ಒಂದೆರಡು ಸಲ ಹೋದೆ, ಆಮೇಲೆ ಬಿಟ್ಟೆ. ಸಿಟ್ಟು ಇಳಿದಿರಲಿಲ್ಲ, ಆದರೆ ಅದಕ್ಕಿಂತ ದೊಡ್ಡದಾಗಿ ಅವಳಿಲ್ಲದ ಬೇಸರ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಆಮೇಲೆ ಗಂಡನ ಕೆಲಸ ಅಬುಧಾಬಿಗೆ ಬದಲಾಗಿ, ನಾವು ಅಲ್ಲಿಯ ಬನಿಯಾಸಿನಲ್ಲಿ ಮನೆ ಹಿಡಿದೆವು. ಅಲ್ಲಿಯೂ ನನಗೆ ಹಲ್ಲಿನ ಕ್ಲಿನಿಕ್ಕೇ ಗಂಟುಬಿತ್ತು.

ಅಲ್ಲಿ ನಾಲ್ಕು ವರ್ಷ ಕಳೆದ ಮೇಲೆ ಹೊಸದಾಗಿ ಒಬ್ಬ ನರ್ಸು ಸೇರಿದಳು. ಅವಳೂ ಫಿಲಿಪ್ಪೀನ್ಸಿನವಳೇ, ಕಾಲೇಜು ಮುಗಿಸಿ ನೇರ ಇಲ್ಲಿಗೆ ಬಂದ ಎಳೆಯ ಹುಡುಗಿ. ನನ್ನನ್ನು ಮ್ಯಾಮ್ ಅನ್ನುತ್ತಿದ್ದಳು. ಜನವರಿಯ ಒಂದು ಮಧ್ಯಾಹ್ನ ಪೇಷಂಟುಗಳಿರಲಿಲ್ಲ. ಹೊರಗೆ ಬೆಳಕು ಕಂದಿತು. ಹುಡುಗಿ ಕಿಟಕಿಯ ಬಳಿ ಹೋಗಿ ಮೇಲೆ ನೋಡಿ, ತನ್ನಷ್ಟಕ್ಕೇ, "ಮುಖಾಂಗ್ ಊಊಲಾನ್" ಅಂದಳು.

ಎಷ್ಟೋ ವರ್ಷದ ಗಾಯವನ್ನು ಯಾರೋ ಉಗುರಿನಲ್ಲಿ ಕೆರೆದಂತಾಯಿತು. "ಯಾರ ಮುಖ?" ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಹುಡುಗಿ ಹೆದರಿ ತಿರುಗಿದಳು. "ಯಾರದ್ದೂ ಅಲ್ಲ ಮ್ಯಾಮ್. ಮಳೆ ಬರುವ ಹಾಗಿದೆ ಅಂದೆ."

"ಮುಖಾಂಗ್ ಅಂದೆಯಲ್ಲ?"

"ಹೌದು. ಮುಖಾ ಅಂದರೆ ಮುಖ. ಮುಖಾಂಗ್ ಅಂದರೆ ಹಾಗೆ ಕಾಣ್ತದೆ, ಹಾಗಿದೆ ಅಂತ. ಮುಖಾಂಗ್ ಸುಸ್ತು, ಮುಖಾಂಗ್ ಹಸಿವು, ಮುಖಾಂಗ್ ಮಳೆ. ನಾವು ಇಡೀ ದಿನ ಹೇಳ್ತೇವೆ." ಆಮೇಲೆ ನನ್ನ ಮುಖ ನೋಡಿ ಸಮಾಧಾನ ಮಾಡುವಂತೆ, "ಅದು ನಿಮ್ಮ ದೇಶದ ಶಬ್ದ ಅಂತ ನಮ್ಮ ಸ್ಕೂಲಿನ ಗುರೋ ಹೇಳಿದ್ದರು. ಸಂಸ್ಕೃತದಿಂದ ಮಲಯದವರಿಗೆ, ಅವರಿಂದ ನಮಗೆ ಬಂದದ್ದಂತೆ" ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಯಾರೂ ಕಳ್ಳ ಅನ್ನದೆಯೇ ಮುಟ್ಟಿ ನೋಡಿಕೊಂಡಿದ್ದೆ. ಆ ಹಳೆಯ ವಾಕ್ಯ ನನಗೆ ಒಂದಕ್ಷರ ಬಿಡದೆ ನೆನಪಿತ್ತು. ಪ್ರೀತಿಯ ಮಾತು ಮರೆತೀತು, ಅವಮಾನದ್ದು ಮರೆಯುವುದಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಿದೆ. ಮುಖಾಂಗ್ ಹಿಂದಿ ಪಾ ಕುಮಾಕಾಇನ್ ಸಿ ಆತೆ.

"ಅಕ್ಕ ಇನ್ನೂ ಊಟ ಮಾಡಿಲ್ಲ ಅಂತ ಕಾಣ್ತದೆ" ಅಂದಳು ಹುಡುಗಿ. "ಯಾರು ಹೇಳಿದ್ದು ಮ್ಯಾಮ್?"

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಒಂಬತ್ತು ವರ್ಷ ಎದುರು ಕೂತು ಉಂಡವಳಿಗೆ ನಾನು ಉಪವಾಸ ಇರುವುದು ಗೊತ್ತಾಗದಿರುತ್ತದೆಯೇ? ಅದಕ್ಕೇ ಅಲ್ಲವೇ ಜಗಿಯದೆ ನುಂಗಲು ಬರುವಂತೆ ಅಕ್ಕಿ ಕರಗಿಸಿ ತಂದದ್ದು? ನಾನು ಅದನ್ನು ಒಂದು ಚಮಚವೂ ರುಚಿ ನೋಡಿರಲಿಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತ ನನ್ನ ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ.

ಸಂಜೆ ಗ್ಯಾಸಿನ ಮುಂದೆ ನಿಂತುಕೊಂಡೇ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಟಿವಿ ನಿಲ್ಲಿಸಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದರು. ನಡುವೆ ನಾನು ಸಿಟ್ಟಿನಿಂದ, "ಅಲ್ಲ, ಸಾಬೂನು ಮೇಜು ಆದ್ರೆ ಸಾಮಾನಿನೊಟ್ಟಿಗೆ ಹೆಸರೂ ಹೋಗ್ತದೆ. ಮುಖ ಎಂತಕ್ಕೆ ಎರವಲು ತರ್ಬೇಕು ಇವರು? ಮೊದಲು ಇವರಿಗೆ ಮುಖ ಇರ್ಲಿಲ್ವಾ?" ಅಂದೆ.

"ನಾವು ತರ್ಲಿಲ್ವಾ?" ಅಂದರು ಅವರು. "ಮನೆಯಲ್ಲಿ ತುಳುವಿನಲ್ಲಿ ನಾವು ಮೋನೆ ಹೇಳುದು. ಕನ್ನಡದಲ್ಲಿ ಮೋರೆ ಉಂಟು. ಮುಖ ನಮ್ಮದೂ ಅಲ್ಲ. ಅವ್ರೂ ಎರವಲು ತಂದದ್ದು, ನಾವೂ ಎರವಲು ತಂದದ್ದು. ಅದನ್ನು ಹಿಡ್ಕೊಂಡು ನೀನು ಜಗಳ ಮಾಡಿದ್ದು."

ಇವರು ವರ್ಷಕ್ಕೊಮ್ಮೆ ಇಂಥದ್ದೊಂದು ಮಾತಾಡುತ್ತಾರೆ. ಆಮೇಲೆ ಮತ್ತೆ ಟಿವಿ.

"ಈಗ ಎಂತ ಮಾಡುದು?" ಅಂತ ಕೇಳಿದೆ.

"ಹೋಗಿ ಕ್ಷಮೆ ಕೇಳು. ಅವಳಿಗೆ ನಿಜ ಗೊತ್ತಾಗ್ಲಿ. ಪಾಪ, ನೀನು ಎಂತಕ್ಕೆ ಮಾತು ಬಿಟ್ಟದ್ದು ಅಂತ ತಲೆ ಕೆಡಿಸಿಕೊಂಡಿರ್ತಾಳೆ ಆ ಹೆಂಗಸು ಇಷ್ಟು ವರ್ಷ."

ಅದೇ ನನ್ನನ್ನು ಚುಚ್ಚಿದ್ದು. ಒಳ್ಳೆಯದು ಮಾಡಲು ಹೋಗಿ, ಕಾರಣ ಗೊತ್ತಿಲ್ಲದೆ ಶಿಕ್ಷೆ ಅನುಭವಿಸಿದವಳು. ಅವಳ ಹಳೆಯ ನಂಬರು ಸತ್ತಿತ್ತು. ಆದರೆ ಪಾರ್ಟಿಷನ್ನಿನ ಆಚೆ ಅವಳ ಜೊತೆ ಮಾತಾಡುತ್ತಿದ್ದ ಇನ್ನೊಬ್ಬ ನರ್ಸು ಇನ್ನೂ ಬರ್ ದುಬೈಯ ಅದೇ ಕ್ಲಿನಿಕ್ಕಿನಲ್ಲಿದ್ದಾಳೆ ಅಂತ ಗೊತ್ತಿತ್ತು. ಮುಂದಿನ ರಜೆಯ ದಿನ ಅಬುಧಾಬಿಯಿಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದೆ. ನೀನು ನನ್ನ ಮುಖವನ್ನು ಗೇಲಿ ಮಾಡಿದೆ ಅಂತ ತಿಳಿದೆ. ನಿನ್ನ ಮಾತು ನನಗೆ ಅರ್ಥವಾಗಿರಲಿಲ್ಲ. ನಿನ್ನ ಗಂಜಿ ಮುಟ್ಟದ ಪಾಪಿ ನಾನು, ಕ್ಷಮಿಸು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ ಜಪ ಅಂದುಕೊಂಡಿರಬೇಕು.

ಮಧ್ಯಾಹ್ನದ ಬ್ರೇಕಿನ ಹೊತ್ತಿಗೆ ಕ್ಲಿನಿಕ್ಕು ತಲುಪಿದೆ. ನರ್ಸಿನ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಪ್ಯಾಂಟ್ರಿಯಲ್ಲಿ ಕೂರಿಸಿ ಚಹಾ ಕೊಟ್ಟಳು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ, ಆ ವಾಕ್ಯ, ನಾನು ಮಾಡಿಕೊಂಡ ಅರ್ಥ, ಗಂಜಿ, ಆಫ್ ಮಾಡಿದ ಫೋನು. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಅವಳು ನನ್ನ ಹತ್ತಿರ ಯಾವಾಗಲೂ ನಿನ್ನನ್ನೇ ಕೇಳ್ತಾಳೆ" ಅಂದು, ಫೋನು ತೆಗೆದು, ನಾನು ತಯಾರಾಗುವ ಮೊದಲೇ ವಿಡಿಯೋ ಕಾಲ್ ಹಚ್ಚಿ ನನ್ನ ಕಡೆ ಹಿಡಿದಳು.

ಪರದೆಯಲ್ಲಿ ಅವಳು ಬಂದಳು. ದಪ್ಪಗಾಗಿದ್ದಳು. ಕನ್ನಡಕ ಬಂದಿತ್ತು. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ನನ್ನನ್ನು ನೋಡಿದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಆತೆ" ಅಂದಳು. "ಆತೆ, ಸರಿಯಾಗಿದ್ದೀಯ. ಎರಡೂ ಕಡೆ ನಗ್ತಾ ಇದ್ದೀಯ."

ನಾನು ಬಾಯಿಪಾಠದ ಮೊದಲ ಸಾಲು ಶುರುಮಾಡಿದೆ. "ಮಾರಾಯ್ತಿ, ಆವತ್ತು ನಾನು ಬರಲಿಲ್ಲ, ಯಾಕಂದರೆ..."

"ಗೊತ್ತು" ಅಂತ ಅವಳು ನಡುವೆಯೇ ಬಾಯಿ ಹಾಕಿದಳು. "ಟ್ಯಾಕ್ಸಿಯಲ್ಲಿ ಕೂತ ಮೇಲೆ ನನಗೆ ಗೊತ್ತಾಯಿತು. ಮೊದಲು ತಿಳಿಯಲಿಲ್ಲ. ಯಾಕೆ ಮಾತು ಬಿಟ್ಟಳು, ನಾನೇನು ಮಾಡಿದೆ ಅಂತ ತುಂಬ ಅತ್ತೆ. ಆಮೇಲೆ ಅರ್ಥವಾಯಿತು, ನಾನು ಹೋಗುವುದೇ ನಿನಗೆ ಕೋಪ ಅಂತ."

ನಾನು ಫೋನಿಗೆ ಇನ್ನಷ್ಟು ಹತ್ತಿರ ಬಾಗಿದೆ.

"ಆತೆ, ಅಷ್ಟು ವರ್ಷದಲ್ಲಿ ನಾನು ಎಷ್ಟು ಸಲ ರಜೆ ಮುಗಿಸಿ ಇಲ್ಲಿಂದ ಹೊರಟಿದ್ದೇನೆ. ಗಂಡ ಬ್ಯಾಗು ಎತ್ತಿಕೊಡುತ್ತಿದ್ದ. ಮಗಳು ಟಿವಿ ನೋಡ್ತಾ ಕೈ ಬೀಸುತ್ತಿದ್ದಳು. ಅವರಿಗೆ ಅಭ್ಯಾಸವಾಗಿ ಹೋಗಿತ್ತು. ನಾನು ಹೊರಟರೆ ಯಾರೂ ಅಳುತ್ತಿರಲಿಲ್ಲ. ನಾನು ಬಿಟ್ಟು ಹೋಗ್ತೇನೆ ಅಂತ ಊಟ ಬಿಟ್ಟವಳು, ಮಾತು ಬಿಟ್ಟವಳು ಈ ಪ್ರಪಂಚದಲ್ಲಿ ನೀನೊಬ್ಬಳೇ. ಮಗಳಿಗೆ ಯಾವಾಗಲೂ ಹೇಳ್ತೇನೆ. ಅವಳು ನಂಬುವುದಿಲ್ಲ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಹೌದಲ್ಲ, ಆತೆ? ಅದಕ್ಕೇ ಅಲ್ಲವಾ ನೀನು ಬಾರದೇ ಇದ್ದದ್ದು?"

ಫೋನು ಹಿಡಿದುಕೊಂಡಿದ್ದ ನರ್ಸು ಪರದೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಐದು ನಿಮಿಷದ ಹಿಂದೆ ನಿಜ ಕೇಳಿಸಿಕೊಂಡವಳು ಅವಳು.

"ಹೌದು" ಅಂದೆ. "ಅದಕ್ಕೇ."

ನರ್ಸು ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಕಡೆ ನನ್ನ ಗೆಳತಿ ಎದ್ದು, ತನ್ನ ಫೋನನ್ನು ಎತ್ತಿಕೊಂಡು ಮನೆಯೊಳಗೆ ಓಡಿದಳು. ಗೋಡೆ, ಫ್ಯಾನು, ಬಾಗಿಲು ಎಲ್ಲ ಪರದೆಯಲ್ಲಿ ಅಲ್ಲಾಡಿದವು. ಒಂದು ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಮಗಳ ಎದುರಿಗೆ ಫೋನು ಹಿಡಿದು, ನನಗೂ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲೇ ಅಂದಳು, "ಕೇಳು, ಇವಳ ಬಾಯಿಂದಲೇ ಕೇಳು. ನಾನು ಹೇಳಿರಲಿಲ್ಲವಾ ನಿನಗೆ?"